ಬಿಚ್ಚಾಕ ಬರ್ತತೇನು?

ಬ್ಯಾಲರಾಟಿನ ಸ್ಟರ್ಟ್ ಬೀದಿಯ ಅಂಗಡಿಯಲ್ಲಿ
ಅಪ್ಪ ಲ್ಯಾಪ್‌ಟಾಪನ್ನು ಬೋರಲು ಹಾಕಿ
ಬೆನ್ನ ಮೇಲೆ ಬೆರಳಾಡಿಸಿದ, ಸ್ಕ್ರೂ ಹುಡುಕುತ್ತ.
"ಇದನ್ನ ಬಿಚ್ಚಾಕ ಬರ್ತತೇನು, ಕೇಳವ್ವಾ."
ಕೇಳಿದೆ. ಅಂಗಡಿಯ ಹುಡುಗ ನಕ್ಕ:
ಬಿಚ್ಚಿದರೆ ವಾರಂಟಿ ಹೋಗುತ್ತದೆ.
ಅಪ್ಪ ಅದನ್ನು ಮತ್ತೆ ಅಂಗಾತ ಮಲಗಿಸಿ
ಎರಡು ಹೆಜ್ಜೆ ಹಿಂದೆ ಸರಿದು ನಿಂತ,
ಬೇರೆಯವರ ಕೂಸು ಅತ್ತಾಗ ನಿಲ್ಲುವಂತೆ.

ನನ್ನ ಹತ್ತಿರ ಸಾವಿರದ ನಾನೂರು ಡಾಲರು.
ಎರಡು ಬೇಸಿಗೆ ಬಾಣಲೆಯ ಮುಂದೆ ನಿಂತು
ಮೀನು ಕರಿದು, ಆಲೂಗಡ್ಡೆ ಕರಿದು ಕೂಡಿಟ್ಟದ್ದು;
ನೋಟಿಗೂ ಎಣ್ಣೆಯ ಕಮಟು ಹತ್ತಿದೆಯೆಂದು
ತಮ್ಮ ಮೂಗು ಮುಚ್ಚಿಕೊಂಡು ಎಣಿಸುತ್ತಿದ್ದ.

ಒಂದು, ಬೆನ್ನಚೀಲದೊಳಗೆ ಕೂರುವುದು.
ವಾರಕ್ಕೆ ಮೂರು ದಿನ ಆರೂ ಹತ್ತರ ರೈಲು,
ಬ್ಯಾಲನ್, ಬ್ಯಾಕಸ್ ಮಾರ್ಷ್, ಮೆಲ್ಟನ್,
ಮೆಲ್ಬರ್ನಿನಲ್ಲಿ ಭೂಮಾಪನದ ತರಗತಿ,
ಕೂತಲ್ಲೇ ಓದು, ನಿಂತಲ್ಲೇ ನಕ್ಷೆ.
ಆದರೆ ಆಟ ಶುರುವಾದ ಇಪ್ಪತ್ತೇ ನಿಮಿಷಕ್ಕೆ
ತೊಡೆ ಸುಡುತ್ತದೆ, ಫ್ಯಾನು ಏದುಸಿರು ಬಿಡುತ್ತದೆ,
ತಿರುವಿನಲ್ಲಿ ನನ್ನ ಕಾರು
ಹೇಳಬೇಕಾದ್ದು ಮರೆತವರ ಹಾಗೆ ನಿಂತುಬಿಡುತ್ತದೆ.
ಅಷ್ಟರಲ್ಲಿ ಹೋಬಾರ್ಟಿನ ಇಂಗ್ರಿಡ್ ಗೆದ್ದಿರುತ್ತಾಳೆ.

ಇನ್ನೊಂದು, ಮನೆ ಬಿಟ್ಟು ಕದಲದ್ದು.
ಅದೇ ಕಾಸಿಗೆ ಎರಡರಷ್ಟು ಕಸುವು.
ಆದರೆ ಅದಕ್ಕೊಂದು ಮೇಜು ಬೇಕು, ಮೇಜಿಗೊಂದು ಗೋಡೆ;
ಬಾಡಿಗೆ ಮನೆಯಲ್ಲಿ ಖಾಲಿ ಗೋಡೆ ಒಂದೇ,
ಅದರ ಬುಡದಲ್ಲಿ ತಮ್ಮ ಮಲಗುತ್ತಾನೆ.

"ಹೊತ್ಕೊಂಡ್ ಹೋಗೋದ ತಗೋ," ಅಂದಳು ಅಮ್ಮ,
"ಕಾಲೇಜು ಮೊದಲ, ಆಟ ಆಮ್ಯಾಲ."
ತಮ್ಮ ಶ್ರೇಯಾಂಕ "ದೊಡ್ಡದು" ಎಂದ. ಕಾರಣ ಕೊಡಲಿಲ್ಲ.
ಇಂಗ್ರಿಡ್ ಒಂದು ಪಟ್ಟಿ ಕಳಿಸಿದಳು, ಬರೀ ಅಂಕಿ.
ಅಪ್ಪ ಏನೂ ಅನ್ನಲಿಲ್ಲ.
ರಾಣೆಬೆನ್ನೂರಿನಲ್ಲಿ ಹದಿನೈದು ವರ್ಷ
ಊರಿನ ರೇಡಿಯೊ, ಟೇಪು, ಟಿವಿ ಬಿಚ್ಚಿದ ಕೈ
ಇಲ್ಲಿ ರಾತ್ರಿ ಪಾಳಿಯಲ್ಲಿ ಪೊಟ್ಟಣಕ್ಕೆ ಲೇಬಲ್ ಹಚ್ಚುತ್ತದೆ.
ಅಂಗಡಿಯಿಂದ ಮರಳುವಾಗ, ಸ್ಟಿಯರಿಂಗಿನ ಮೇಲೆ
ಅವನ ಹೆಬ್ಬೆರಳು, ತೋರುಬೆರಳು
ಇಲ್ಲದ ಸ್ಕ್ರೂ ಒಂದನ್ನು ತಿರುಗಿಸುತ್ತಿದ್ದವು.

ಅದಕ್ಕೇ ಆರಿಸಿಕೊಂಡೆ ಅಂದರೆ ಸುಳ್ಳಾದೀತು.
ನನಗೆ ಇಂಗ್ರಿಡ್‌ಳನ್ನು ಸೋಲಿಸಬೇಕಿತ್ತು.

ಸೆಬಾಸ್ಟೊಪೋಲಿನ ಮುದುಕರೊಬ್ಬರು ಮಾರಿದ ಡಬ್ಬಿ,
ಅಂಚೆಯಲ್ಲಿ ಬಂದ ಗ್ರಾಫಿಕ್ಸ್ ಕಾರ್ಡು.
ಭಾನುವಾರ ಊಟದ ಮೇಜಿಗೆ ದುಪ್ಪಟಿ ಹಾಸಿ
ಅಪ್ಪ ಸ್ಕ್ರೂಗಳನ್ನು ಚಹದ ಬಸಿಗಳಲ್ಲಿ ವಿಂಗಡಿಸಿದ.
ಕೈಪಿಡಿ ನಾನು ಓದಿದೆ; ಅವನು ಕೇಳಲಿಲ್ಲ.
ಹಚ್ಚಿದರೆ ಹೊತ್ತಲಿಲ್ಲ.
ಎಲ್ಲ ಬಿಚ್ಚಿ ಮತ್ತೆ ಕೂಡಿಸಿದ. ಆಗಲೂ ಇಲ್ಲ.
ಸಿಟ್ಟಿಗೆ ಎದ್ದು ಅಂಗಳಕ್ಕೆ ಹೋದ.
ತಮ್ಮ ಹಿಂದೆ ಬಗ್ಗಿ ನೋಡಿ
ಯಾರೂ ಒತ್ತದಿದ್ದ ಸ್ವಿಚ್ಚು ಒತ್ತಿದ.

ಈಗ ರೈಲಿನಲ್ಲಿ ಎಲ್ಲರ ತೊಡೆಯ ಮೇಲೂ
ಒಂದೊಂದು ಬೆಳಕಿನ ಮುಚ್ಚಳ. ನನ್ನ ತೊಡೆ ಖಾಲಿ.
ಬುತ್ತಿ ಇಡುತ್ತೇನೆ. ಸೀಸದಕಡ್ಡಿ ಉರುಳಿ ಬೀಳುತ್ತದೆ.
ಬ್ಯಾಲನ್ ದಾಟಿದ ಮೇಲಿನ ಮಂಜಿನಲ್ಲಿ
ಬೇಲಿಗೂ ಬೇಲಿಗೂ ಎಷ್ಟು ಅಂತರವೆಂದು
ಕಣ್ಣಳತೆಯಲ್ಲಿ ಅಳೆಯುತ್ತೇನೆ.
ಹಾಗಂತ ಸುಖವೇನಿಲ್ಲ. "ನಿನ್ನದು ತೆಗೆ" ಅನ್ನುತ್ತಾರೆ ಗುಂಪಿನವರು,
ಲೈಬ್ರರಿಯ ಸರದಿಯಲ್ಲಿ ನಿಂತು ಕಾಲು ನೋಯುವಾಗ
ಅಮ್ಮನ ಮಾತೇ ಸರಿ ಅನ್ನಿಸುತ್ತದೆ.
ಕಳೆದ ಮಂಗಳವಾರ ಪೆನ್‌ಡ್ರೈವ್ ಮನೆಯಲ್ಲೇ ಬಿಟ್ಟು
ಮೆಲ್ಟನ್ನಿನಿಂದ ಕಾಲೇಜಿನವರೆಗೂ ಅಳುಮೋರೆ.

ರಾತ್ರಿ ಎಂಟಕ್ಕೆ ಮನೆ ಸೇರಿದರೆ
ಕುರ್ಚಿ ಇನ್ನೂ ಬೆಚ್ಚಗಿದೆ,
ತಮ್ಮನ ನಿದ್ದೆ ಅತಿಯಾಯಿತು, ನಂಬುವ ಹಾಗಿಲ್ಲ.
ಡಬ್ಬಿಯ ಪಕ್ಕದ ಮುಚ್ಚಳ ತೆಗೆದಿದೆ. ಪಾಳಿಗೆ ಹೊರಡಬೇಕಾದ ಅಪ್ಪ
ಟಾರ್ಚನ್ನು ಹಲ್ಲಲ್ಲಿ ಕಚ್ಚಿ, ಬಣ್ಣದ ಬ್ರಶ್ಶು ಹಿಡಿದು
ನಿನ್ನೆಯಷ್ಟೇ ಒರೆಸಿದ ಧೂಳನ್ನು ಹುಡುಕುತ್ತಿದ್ದಾನೆ.
"ಅಪ್ಪಾ, ಇಂಗ್ರಿಡ್ ಕಾಯ್ತಿದಾಳೆ."
"ತಡಿ," ಅನ್ನುತ್ತಾನೆ, ತಲೆ ಎತ್ತದೆ,
"ಇನ್ನೊಂದ್ ಐದ್ ನಿಮಿಷ."