ಷರಾ

ಆಷಾಢದ ಗಾಳಿಗೆ ಸಂಗೀತದ ಕೋಣೆಯ ಹೆಂಚು ಜಾರಿದ ವರ್ಷ
ತಂಬೂರಿ, ಶ್ರುತಿಪೆಟ್ಟಿಗೆ, ಒಂದು ಚಾಪೆ, ಪಂಕಜವಲ್ಲಿ ಮೇಡಂ
ಎಲ್ಲ ನನ್ನ ಲ್ಯಾಬಿಗೆ ಬಂದವು.
ನನ್ನ ಅಂದೆ. ಬೀಗದ ಕೈ ಇರೋದು ನನ್ನ ಸೊಂಟದಲ್ಲಿ;
ಸಂಬಳದ ಪಟ್ಟಿಯಲ್ಲಿ ನಾನು ಅಟೆಂಡರ್ ಪಿಳ್ಳಪ್ಪ.

ಚೌಡರೆಡ್ಡಿ ಮೇಷ್ಟ್ರು ಮುಖ ಗಂಟಿಕ್ಕಲಿಲ್ಲ.
ಜರ್ಮನಿಯಲ್ಲಿ ಇಂಥದೇ ಒಂದು ಹೈಸ್ಕೂಲಿದೆಯಂತೆ ಪಿಳ್ಳಪ್ಪ,
ವಿಜ್ಞಾನ, ಸಂಗೀತ, ಎರಡಕ್ಕೇ ಹೆಸರು.
ಪಿಟೀಲು ಹಿಡಿದ ಕೈಯಲ್ಲೇ ಪಿಪೆಟ್ಟು ಹಿಡೀತಾವಂತೆ ಮಕ್ಕಳು.
ಅಲ್ಲಿ ಯಾರೋ ಕೂತು ಯೋಚಿಸಿ ಕಟ್ಟಿದ್ದು.
ಶಿಡ್ಲಘಟ್ಟದಲ್ಲಿ ಹೆಂಚು ಯೋಚಿಸಿತು.

ಬುಧವಾರ ಮೂರನೇ ಪೀರಿಯಡ್ಡಿಗೆ ಜಗಳ.
ನೀಲಿ ಮಖಮಲ್ಲಿನಲ್ಲಿ ಮಲಗಿದ್ದ ಶ್ರುತಿಕವೆ,
ಮೈಮೇಲೆ ಇನ್ನೂರ ಐವತ್ತಾರು ಅಂತ ಕೊರೆದದ್ದು, ಜರ್ಮನಿಯದು.
ಪೆಟ್ಟಿಗೆಯೊಳಗಿನ ಹಿತ್ತಾಳೆ ನಾಲಿಗೆಯೂ ಆ ದೇಶದ್ದೇ.
ಒಂದೇ ಸೀಮೆಯವು, ದನಿ ಮಾತ್ರ ಕೂಡವು.
ನಿಮ್ಮ ಕವೆ ಇಳಿದಿದೆ, ಅಂದರು ಮೇಡಂ.
ಉಕ್ಕಿಗೆ ನೆಗಡಿಯಾಗೋದಿಲ್ಲಮ್ಮ, ನಿಮ್ಮ ಪೆಟ್ಟಿಗೆ ಏರಿದೆ, ಅಂದರು ಮೇಷ್ಟ್ರು.
ಎರಡನ್ನೂ ಒಟ್ಟಿಗೆ ಬಿಟ್ಟರೆ ನಡುವೆ ಮೂರನೆಯದೊಂದು
ವ್ವ ವ್ವ ವ್ವ ವ್ವ ವ್ವ
ಮುಚ್ಚಿದ ಸೀಸೆಯಲ್ಲಿ ದುಂಬಿ ಗೋಡೆ ಗುದ್ದಿದ ಹಾಗೆ.

ಹಿಂದಿನ ಬೆಂಚಿನ ರುಮಾನಾ ತಾಜ್, ಒಂಬತ್ತನೇ ಬಿ,
ಬಿಸಿನೀರಿಗೆ ನೆನೆದು ನೆನೆದು ಬೆರಳ ತುದಿ ಸುಕ್ಕಾದವಳು,
ಎದ್ದು ನಿಂತು:
ಸಾರ್, ಸೆಕೆಂಡಿಗೆ ಐದು ಸಲ ನಡುಗ್ತದೆ.

ನಿನಗೆ ಹೇಗೆ ಗೊತ್ತು?

ನಮ್ಮನೇಲಿ ನೂಲು ತೆಗೆಯೋ ಮೋಟಾರು ಎರಡು ಸಾರ್.
ಒಂದು ಚೂರು ನಿಧಾನ ಆದರೆ ಹೀಗೇ ಅಳ್ತವೆ.
ಅಮ್ಮಿ ಬೆಲ್ಟು ಬಿಗೀತಾಳೆ,
ಅಳೋದು ನಿಲ್ಲೋ ತನಕ.

ಸೋನೋಮೀಟರನ್ನು ನಾನೇ ಎತ್ತಿ ಮೇಜಿಗಿಟ್ಟೆ. ಯಾರೂ ಕೇಳಿರಲಿಲ್ಲ.
ಧೂಳು ಒರೆಸಿ, ಕೊಕ್ಕೆಗೆ ಅರ್ಧರ್ಧ ಕಿಲೋ ತೂಕ ಸಿಕ್ಕಿಸಿದೆ.
ತಂತಿ ಹೊರುವ ಮರದ ತುಂಡಿಗೆ ಮೇಷ್ಟ್ರು ಸೇತುವೆ ಅಂತಾರೆ,
ಮೇಡಂ ಕುದುರೆ.
ಕುದುರೆಯೆಂದ ಮೇಲೆ ಸವಾರ ಬೇಕು. ಜೇಬಲ್ಲಿ ಚಿಂತಾಮಣಿ ಬಸ್ಸಿನ ಟಿಕೆಟ್ಟು,
ಚೂರು ಹರಿದು ಮಡಚಿ ತಂತಿಯ ಮೇಲೆ ಕೂರಿಸಿದೆ.

ಪೆಟ್ಟಿಗೆಯನ್ನು ಅದೇ ಹಲಗೆಗೆ ಒತ್ತಿ, ಎರಡು ನಾಲಿಗೆ ಮುಚ್ಚಿ,
ಒಂದರಲ್ಲೇ ತಿದಿ ಎಳೆದರು ಮೇಡಂ.
ಹುಡುಗಿ ಮೀಟಿದಳು, ಕುದುರೆ ಸರಿಸಿದಳು, ಮತ್ತೆ ಮೀಟಿದಳು,
ಸ್ಕೇಲಿನ ಕಡೆ ನೋಡಲೇ ಇಲ್ಲ.
ಐದು.
ಮೂರು.
ಒಂದು, ಅದೂ ಉದ್ದನೆಯ ಆಕಳಿಕೆ.
ಆಮೇಲೆ ಅದೂ ಇಲ್ಲ.
ಕೈ ತೆಗೆದಳು. ತಂತಿಯನ್ನು ಯಾರೂ ಮುಟ್ಟುತ್ತಿಲ್ಲ,
ಪೆಟ್ಟಿಗೆ ಮಾತ್ರ ಹಾಡುತ್ತಿದೆ,
ಟಿಕೆಟ್ಟಿನ ಚೂರು ನಡುಗಿ, ಎದ್ದು,
ನೆಲಕ್ಕೆ ಹಾರಿತು.

ಮೇಷ್ಟ್ರು ಬೋರ್ಡಿನ ಮೇಲೆ ವರ್ಗಮೂಲ ತೆಗೆದರು, ಎರಡು ಸಲ ಅಳಿಸಿದರು.
ಇನ್ನೂರ ಅರವತ್ತೊಂದು.
ಕವೆಯದೂ ಸರಿ, ಪೆಟ್ಟಿಗೆಯದೂ ಸರಿ ಅಂದರು,
ಸೋತ ದನಿಯಲ್ಲಲ್ಲ, ಕಂಡಕ್ಟರಿಂದ ಚಿಲ್ಲರೆ ವಾಪಸು ಬಂದವರ ದನಿಯಲ್ಲಿ.
ಮೇಡಂ ಆ ಹುಡುಗಿಯ ಬೆರಳು ಹಿಡಿದು ನೋಡಿದರು.
ಹೀಗಿದ್ದರೆ ತಂತಿ ಕುಯ್ಯುತ್ತದಲ್ಲೇ, ಅಂದರು.
ಅಭ್ಯಾಸ ಇದೆ ಮಿಸ್, ಅಂದಳು.

ಮಾರ್ಚಿನಲ್ಲಿ ಸ್ಟಾಕು ತನಿಖೆ.
ಹಸಿರು ರಟ್ಟಿನದು ವಿಜ್ಞಾನ, ಕೆಂಪು ರಟ್ಟಿನದು ಸಂಗೀತ.
ಸಾಹೇಬರು ಎಂಜಲು ಹಚ್ಚಿ ಹಾಳೆ ತಿರುವಿದರು:
ಕವೆ ಒಂಬತ್ತು, ಇವೆ. ತಂಬೂರಿ ಒಂದು, ಬಿರುಕು, ಇದೆ.
ಸೋನೋಮೀಟರಿನ ಮುಂದೆ, ಷರಾ ಕಲಮಿನಲ್ಲಿ,
ಗಂಜಿ ಹಚ್ಚಿ ನಾನು ಅಂಟಿಸಿದ ಟಿಕೆಟ್ಟಿನ ಚೂರು.
ಇದೇನಯ್ಯ?
ಹಾರಿದ್ದು ಸಾ, ಅಂದೆ.
ಅವರು ನನ್ನನ್ನೇ ನೋಡಿ, ಪೆನ್ನು ಕೊಡವಿ, ಬಾಕಿ ಇಲ್ಲ ಅಂತ ರುಜು ಹಾಕಿದರು.

ಸಂಜೆ ಕಿಟಕಿ ಮುಚ್ಚುವಾಗ ಆಚೆ ಬೀದಿಯಿಂದ ಮೋಟಾರುಗಳ ಸದ್ದು,
ಬೆಂದ ಗೂಡಿನ ವಾಸನೆ.
ಯಾರ ಮನೆಯದೋ ಬೆಲ್ಟು ಸಡಿಲ.
ಬೀಗ ಕೈಯಲ್ಲೇ ಹಿಡಿದು ನಿಂತು ಎಣಿಸಿದೆ.
ಮೂರು.
ಇಲ್ಲ, ಎರಡೂವರೆ.