ಈ ಸಲದ ಲೋಡು

ಹನ್ನೊಂದು ವರ್ಷವಾಯಿತು, ಮಧ್ಯರಾತ್ರಿ ಎದ್ದು
ವಿರಾಜಪೇಟೆಯಿಂದ ಕಣ್ಣೂರಿಗೆ ಇಳಿಯುತ್ತೇನೆ,
ಪೆರುಂಬಾಡಿ ದಾಟಿ, ಮಾಕುಟ್ಟದ ಕಾಡು ದಾಟಿ.
ಮತ್ತಿ, ಬಂಗುಡೆ, ಅಂಜಲ್ ತುಂಬಿಕೊಂಡು
ಬೆಳಕು ಹರಿಯುವಾಗ ಮೀನುಪೇಟೆಯಲ್ಲಿರುತ್ತೇನೆ.
ಕಡಲು ಹೇಗಿದೆ ಎಂದು ಯಾರಾದರೂ ಕೇಳಿದರೆ
ಹೇಳಲು ನನ್ನ ಬಳಿ ಇದ್ದದ್ದು
ಐಸಿನ ಪುಡಿ, ಟಾರ್ಚಿನ ಬೆಳಕು, ಹರಾಜಿನ ಕೂಗು,
ಕತ್ತಲಲ್ಲಿ ಎಲ್ಲೋ ಉಸಿರೆಳೆಯುವ ಏನೋ ಒಂದು.

ಏಪ್ರಿಲಿನಲ್ಲಿ ಒಂದು ದಿನ ದಮಯಂತಿ ಹೇಳಿದಳು:
"ಮಕ್ಕಳಿಗೆ ಕಡಲೆಂದರೆ ನಿಮ್ಮ ಅಂಗಿಯ ವಾಸನೆ, ಅಷ್ಟೇ."
ಬೈದದ್ದೋ, ಬರೀ ಹೇಳಿದ್ದೋ, ತಿಳಿಯಲಿಲ್ಲ.

ಎರಡು ದಿನ ಪಿಕಪ್ ತೊಳೆದೆ.
ಸೋಪಿನ ಪುಡಿ, ನಿಂಬೆಹಣ್ಣು,
ಕೊನೆಗೆ ಅಕ್ಕಪಕ್ಕದ ಮನೆಯವರಿಂದೆಲ್ಲ ಬೇಡಿ ತಂದ ಕಾಫಿ ಗಷ್ಟು.
ಆದರೂ ಬೇಲಿಯಾಚೆಯ ಬೆಕ್ಕು ಬಂದು ಚಕ್ರ ಮೂಸಿ ಹೋಯಿತು.

ಹಗಲಲ್ಲಿ ಆ ದಾರಿ ಇಳಿಯುವುದು ನನಗೂ ಹೊಸದು.
ಹೆಡ್‌ಲೈಟಿಗೆ ಸಿಕ್ಕುತ್ತಿದ್ದದ್ದು ತಿರುವು, ತಡೆಗೋಡೆ, ಆನೆಯ ಲದ್ದಿ.
ಈಗ ನೋಡಿದರೆ ಇಷ್ಟೊಂದು ಬಿದಿರು!
ಕೆಳಗೆ ಬಾರಪೊಳೆ ಕಲ್ಲಿಂದ ಕಲ್ಲಿಗೆ ಹಾರುತ್ತ
ನಮ್ಮದೇ ದಿಕ್ಕಿಗೆ ಓಡುತ್ತಿತ್ತು.
"ಕಾವೇರಿನಾ?" ಎಂದಳು ಚಾರ್ವಿ.
"ಅಲ್ಲ. ಅವಳು ಆ ಕಡೆ ಹೋದಳು. ಇವಳು ಈ ಕಡೆ."
"ಜಗಳ ಆಯ್ತಾ?"
ಅಷ್ಟರಲ್ಲಿ ಲಿಶಾನ್ ಅಮ್ಮನ ಮಡಿಲಲ್ಲಿ ವಾಂತಿ ಮಾಡಿದ,
ನಾನು ಉತ್ತರ ಹುಡುಕುವುದು ತಪ್ಪಿತು.

ಮಾಕುಟ್ಟ ಚೆಕ್‌ಪೋಸ್ಟಿನಲ್ಲಿ
ದಿನವೂ ಟಾರ್ಚ್ ಬೀಸಿ ಬಿಟ್ಟುಬಿಡುವ ಗಾರ್ಡ್
ಗಾಡಿಗೆ ಒಂದು ಸುತ್ತು ಬಂದ.
"ಖಾಲಿ ಇಳಿಯುವವನು, ಇವತ್ತೇನು ಲೋಡು?"
ಅಭ್ಯಾಸಕ್ಕೆ ನನ್ನ ಕೈ ಜೇಬಿಗೆ ಹೋಯಿತು.
ಬೇಡವೆಂದ. ರಿಜಿಸ್ಟರ್ ತೆರೆದು, ಗಟ್ಟಿಯಾಗಿ ಓದುತ್ತ ಬರೆದ:
ಹೆಂಗಸು ಒಂದು, ಮಕ್ಕಳು ಎರಡು,
ಒಗ್ಗರಣೆ ಅವಲಕ್ಕಿ ಒಂದು ಡಬ್ಬಿ.

ಕಡಲಿನ ವಿಷಯ ಹೆಚ್ಚು ಹೇಳಲಾರೆ.
ಅದು ಅಷ್ಟು ಅಗಲ ಇರುತ್ತದೆಂದು ನನಗೇ ಗೊತ್ತಿರಲಿಲ್ಲ,
ಮಕ್ಕಳ ಮುಂದೆ ಗೊತ್ತಿದ್ದವನ ಹಾಗೆ ನಿಂತೆ.
ಪಾದದಡಿ ಮರಳು ಜಾರಿದಾಗ ದಮಯಂತಿ ನನ್ನ ತೋಳು ಹಿಡಿದಳು,
ಅಷ್ಟು ಜನರೆದುರು. ಬಿಡಲೂ ಇಲ್ಲ.
ಲಿಶಾನ್ ಎರಡು ದಿನವೂ ನೀರಿಗೆ ಬೆನ್ನು ಹಾಕಿ ಕೂತು
ಗುಂಡಿ ತೋಡಿದ.
ರಾತ್ರಿ ಲಾಡ್ಜಿನಲ್ಲಿ ಕಿವಿ ಮುಚ್ಚಿಕೊಂಡು,
"ಅಪ್ಪಾ, ಅದನ್ನ ಆಫ್ ಮಾಡು" ಎಂದ.
ಎದ್ದು ಹೋಗಿ ಗೋಡೆಯ ಸ್ವಿಚ್ಚೊಂದನ್ನು ಒತ್ತಿದೆ.
ಫ್ಯಾನ್ ನಿಂತಿತು. ಅದು ನಿಲ್ಲಲಿಲ್ಲ.
"ಅದಲ್ಲ, ಬೇರೆ ಸ್ವಿಚ್ಚು."

ಹನ್ನೆರಡಕ್ಕೆ ನನಗೆ ತಾನಾಗಿ ಎಚ್ಚರವಾಯಿತು.
ಹೊರಡುವ ಹೊತ್ತು; ಹೋಗಿ ಮುಟ್ಟುವ ಜಾಗದಲ್ಲೇ ಮಲಗಿದ್ದೆ.
ಮೂವರ ಉಸಿರು, ಹೊರಗೆ ಇನ್ನೊಂದು.

ಈಗ ಮೂರು ವಾರ.
ಬ್ರೇಕ್ ಒತ್ತಿದಾಗಲೆಲ್ಲ
ಕಾಲಡಿಯ ಮ್ಯಾಟಿನಲ್ಲಿ ಮರಳು ಕರಕರ ಅನ್ನುತ್ತದೆ.
ಗುಡಿಸಿಲ್ಲ.
ಗಾಡಿ ಸ್ಟಾರ್ಟ್ ಮಾಡಿದ ಸದ್ದಿಗೆ
ಕಿಟಕಿಯ ಸರಳಿಗೆ ಒಂದು ಪುಟ್ಟ ಮುಖ ಒತ್ತಿಕೊಳ್ಳುತ್ತದೆ:
"ಅಪ್ಪಾ, ಅದು ಆಫ್ ಆಗಿದೆಯಾ ನೋಡ್ಕೊಂಡು ಬಾ."

ನೋಡಿಕೊಂಡು ಬರುತ್ತೇನೆ.
ಕ್ರೇಟು ಏರಿಸಿದ ಮೇಲೆ ಐದು ನಿಮಿಷ
ಬೋಟುಗಳಾಚೆಯ ಕತ್ತಲಿಗೆ ಕಿವಿ ಕೊಟ್ಟು ನಿಲ್ಲುತ್ತೇನೆ.
ಏನು ಕಳೆದುಕೊಂಡೆ ಎಂದು ಹರಾಜಿನವನು ಕೇಳುತ್ತಾನೆ.

ಬೆಳಿಗ್ಗೆ ಮನೆ ಮುಟ್ಟಿದಾಗ
ಜಗಲಿಯಲ್ಲಿ ನಿಂತು ಹಲ್ಲುಜ್ಜುತ್ತಿರುವವನು
ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು ಹುಬ್ಬಿನಲ್ಲಿ ಕೇಳುತ್ತಾನೆ.
"ಇಲ್ಲ ಮಗಾ, ಇನ್ನೂ ಓಡ್ತಾ ಉಂಟು."
ನೊರೆ ಉಗುಳಿ,
"ನಾಳೆ ನೋಡು" ಎನ್ನುತ್ತಾನೆ.