ಪೂರ್ವಕ್ಕೆ ಮುಖ

ಬೆಂಗರೆಯಲ್ಲಿ ಎಲ್ಲದರ ಮುಖವೂ ಪಡುವಣಕ್ಕೆ:
ದೋಣಿಯದ್ದು, ಬಾಗಿಲಿನದ್ದು,
ಒಣಮೀನು ಕಾಯುವ ಅಜ್ಜಿಯ ಕುರ್ಚಿಯದ್ದು,
ಕಾಗೆಯದ್ದೂ.
ಆ ರೇಡಿಯೊ ಒಂದೇ ಹಟ ಹಿಡಿಯಿತು.
ಕಡಲಿಗೆ ಬೆನ್ನು ಹಾಕಿಸು, ಘಟ್ಟದ ಕಡೆ ತಿರುಗಿಸು,
ಆಮೇಲೆ ಮಾತು.

ಬಂದರದ ಗುಜರಿ ಮೊಯ್ದಿನಬ್ಬ
ಎರಡು ಬುಟ್ಟಿ ಬೂತಾಯಿಯ ಬಾಕಿಗೆ ಬದಲು
ಅಪ್ಪನ ಕೈಗೆ ತುರುಕಿದ್ದು ಅದನ್ನು.
"ಸೀದಾ ಆಕಾಶದಿಂದ ಬರ್ತದೆ ಚಂದಪ್ಪಣ್ಣ,
ಟವರ್ ಗಿವರ್ ಬೇಡ."
ಅಪ್ಪ ಹುಡುಕಿದ್ದು ಹವಾಮಾನ ವರದಿ.
ಸಿಕ್ಕಿದ್ದು ಮಕ್ಕಳ ನಗು.

ಓಡುದೋಸೆಯ ಮುಚ್ಚಳದಷ್ಟೇ ಆಂಟೆನಾ.
ತಂಗಿ ವಾರಿಜ ಸೀಮೆಎಣ್ಣೆ ಡಬ್ಬದ ಮೇಲೆ ಅದನ್ನು ನಿಲ್ಲಿಸಿ
ಒಂದು ಬೆರಳು ಎಡಕ್ಕೆ, ಅರೆ ಬೆರಳು ಮೇಲಕ್ಕೆ,
ಸರಿಸಿ ಸರಿಸಿ,
ಗಂಜಿ ಆರಿ ಕೆನೆ ಕಟ್ಟಿದ ಮೇಲೆ
ಮೂವತ್ತಾರು ಸಾವಿರ ಕಿಲೋಮೀಟರು ಮೇಲಿಂದ
ಯಾರೋ ಸೀನಿದ್ದು ಕೇಳಿಸಿತು.

ಹಗಲೂ ರಾತ್ರಿ ಮಕ್ಕಳಿಗೆಂದೇ ಒಂದು ಸ್ಟೇಷನ್ನು!
ಇಂಗ್ಲಿಷು. ನಮಗೆ ಬರುತ್ತಿದ್ದದ್ದು
ಮೇ ಐ ಕಮಿನ್ ಟೀಚರ್, ಅಷ್ಟೇ.
ಆದರೂ ಆನೆಯೊಂದು ಬಾವಿಗೆ ಬಿದ್ದದ್ದು ಗೊತ್ತಾಯಿತು,
ಬಿದ್ದ ಸದ್ದಿಗೆ ಯಾವ ಭಾಷೆ?
ಮೇಲೆ ಬಂತೋ ಇಲ್ಲವೋ,
ಅಷ್ಟರಲ್ಲಿ ಕರೆಂಟು ಹೋಯಿತು.
ಕತ್ತಲಲ್ಲಿ ವಾರಿಜ ಹೇಳಿದಳು:
ಬಂತು. ಬಲೆ ಬಿಟ್ಟು ಎಳೆದರು, ಹದಿನೆಂಟು ಜನ.
ಅವಳ ಆನೆಗೆ ಬೂತಾಯಿ ವಾಸನೆ.

ಎರಡು ಮಳೆಗಾಲ ಹೀಗೆ.
ಒಂದು ಸೋಮವಾರ, ಏನೂ ಇಲ್ಲ. ಸೀನೂ ಇಲ್ಲ.
ಚಂದಾ ಕಟ್ಟಬೇಕಿತ್ತು ಅಂದರು ಕೆಲವರು,
ಉಪಗ್ರಹಕ್ಕೆ ತುಕ್ಕು ಅಂದರು ಇನ್ನು ಕೆಲವರು,
ಉಪ್ಪುಗಾಳಿಯೂರಿನಲ್ಲಿ ಅದೇ ನಂಬಿಕೆಗೆ ಹತ್ತಿರ.
ಮೊಯ್ದಿನಬ್ಬ ಕೈ ಒರೆಸಿಕೊಂಡ:
"ಕಂಪನಿಯೇ ಮುಳುಗಿತು ಮಾರಾಯ್ರೆ."
ಅಷ್ಟು ಕೇಳಿದ್ದೇ ವಾರಿಜ ಅಳಿವೆಯ ಕಡೆ ಓಡಿದಳು.
ನಮ್ಮ ಮನೆಯಲ್ಲಿ ಆ ಮಾತಿಗೆ
ಒಂದೇ ಅರ್ಥ.

ಧಕ್ಕೆಯಲ್ಲಿ ಸಂಘದ ವಯರ್‌ಲೆಸ್ ಕೋಣೆ.
ಕುಂಞ ಸಾಲ್ಯಾನರು ಚಾ ಕುಡಿಯಲು ಹೋಗುವುದು
ನಾಲ್ಕೂಕಾಲಿಗೆ, ಬೀಡಿ ಸೇರಿದರೆ ನಾಲ್ಕೂವರೆ.
ಬಾಗಿಲಲ್ಲಿ ಕಾವಲು ನಾನು.
ಒಳಗೆ ಗುಂಡಿ ಒತ್ತಿದಳು:
"ಹಲೋ ಹಲೋ. ಇದು ಮಕ್ಕಳ ಸ್ಟೇಷನ್.
ಒಂದೂರಿನಲ್ಲಿ ಒಂದು ಆನೆ."

ಗರಗರ.
ಗರಗರದೊಳಗೆ ಕಡಲು, ಇಂಜಿನ್ನು.
"ಯಾರದು? ಲೈನ್ ಬಿಡು ಹುಡುಗಿ, ಗಾಳಿ ಎದ್ದಿದೆ ಇಲ್ಲಿ."
ಇನ್ನೊಂದು ದನಿ, ಇನ್ನೂ ದೂರದ್ದು,
ನಲವತ್ತು ಮಾರು ನೀರಿನ ಮೇಲಿನದ್ದು:
"ಬಿಡಬೇಡ. ಹ್ಞಾಂ, ಆಮೇಲೆ?"

ಆಮೇಲೆ ಸಾಲ್ಯಾನರ ಕೈ, ವಾರಿಜಳ ಕಿವಿ.
ಆನೆ ಬಾವಿಯಲ್ಲೇ ಉಳಿಯಿತು.
ಮನೆಗೆ ದೂರು ಹೋಯಿತು. ಅಪ್ಪ ರೇಡಿಯೊವನ್ನು ಅಟ್ಟಕ್ಕೆಸೆದ;
ಆಂಟೆನಾ ಅಮ್ಮನ ಉಪ್ಪಿನ ಭರಣಿಗೆ ಸರಿಹೋಯಿತು.

ಮೂರನೆಯ ಬೆಳಿಗ್ಗೆ ಮೀನಿಳಿಸುವ ಗದ್ದಲದಲ್ಲಿ
ಐಸ್ ನೀರು ಕಾಲಿಗೆ ಹರಿಯುತ್ತಿರುವಾಗ
ಮಲ್ಪೆ ಕಡೆಯ ಬೋಟಿನಿಂದ,
ಇನ್ನೂ ಹಗ್ಗ ಕಟ್ಟದ ಬೋಟಿನಿಂದ,
ನಿದ್ದೆಗೆಟ್ಟ ಒಬ್ಬ ಗಡ್ಡದವ
ಇಡೀ ಧಕ್ಕೆಗೆ ಕೇಳುವಂತೆ ಕೂಗಿದ:
"ಏ, ಆನೆ ಮೇಲೆ ಬಂತಾ?"

ವಾರಿಜ ನನ್ನ ಕೈ ಬಿಟ್ಟಳು.
ಕತ್ತನ್ನು ಒಂದು ಬೆರಳು ಎಡಕ್ಕೆ,
ಅರೆ ಬೆರಳು ಮೇಲಕ್ಕೆ.